ಗಸಗಸೆ ಪಾಯಸ, ಕೆಮ್ಮಿನ ಸಿರಪ್, ಅಮೆರಿಕದ ಡ್ರಗ್ ಟೆಸ್ಟ್: ಬೆಂಗಳೂರು ಬಿಡುವ ಮೊದಲೇ ತಿಳಿದಿರಬೇಕಾದದ್ದು

ಬೆಂಗಳೂರಿನಿಂದ ಅಮೆರಿಕಕ್ಕೆ ಹೊರಟವರು ವೀಸಾ, ಮಾರ್ಕ್ಸ್‌ಕಾರ್ಡು, ಲಸಿಕೆಯ ಸರ್ಟಿಫಿಕೇಟು ಎಲ್ಲವನ್ನೂ ಫೈಲಿಗೆ ಜೋಡಿಸಿಕೊಳ್ಳುತ್ತಾರೆ. ನುಂಗುತ್ತಿರುವ ಮಾತ್ರೆಗಳ ಚೀಟಿ ಮಾತ್ರ ಆ ಫೈಲಿನಲ್ಲಿ ಇರುವುದಿಲ್ಲ. ಅಲ್ಲಿ ಆಫರ್ ಲೆಟರ್ ಬಂದ ಬೆನ್ನಿಗೇ ಡ್ರಗ್ ಟೆಸ್ಟಿಗೆ ಹೋಗಿ ಬನ್ನಿ ಎಂಬ ಇಮೇಲ್ ಬರಬಹುದು. ಆಸ್ಪತ್ರೆ, ಬ್ಯಾಂಕು, ಔಷಧ ಕಂಪನಿ, ವಿಮಾನಯಾನ, ಟ್ರಕ್ ಓಡಿಸುವ ಕೆಲಸ, ಸರ್ಕಾರದ ಗುತ್ತಿಗೆ ಹಿಡಿದ ಐಟಿ ಪ್ರಾಜೆಕ್ಟು, ಇಲ್ಲೆಲ್ಲ ಇದು ಮಾಮೂಲು. ಗಾಂಜಾವನ್ನು ಕಣ್ಣಲ್ಲೂ ಕಾಣದವರು ನಮಗೇನು ಭಯ ಎಂದುಕೊಂಡು ಮೂತ್ರ ಕೊಟ್ಟು ಬರುತ್ತಾರೆ. ಅಂಥವರಲ್ಲೂ ಕೆಲವರಿಗೆ ಪಾಸಿಟಿವ್ ಬರುತ್ತದೆ.

ನಾನು ಬೆಂಗಳೂರಿನಲ್ಲಿ ಇಂಥ ಪರೀಕ್ಷೆಗಳ ಕೆಲಸದಲ್ಲೇ ಇರುವುದರಿಂದ ಗಾಬರಿಯ ಫೋನುಗಳು ನನಗೆ ಬರುತ್ತವೆ, ಹೆಚ್ಚಾಗಿ ನಡುರಾತ್ರಿ, ಅಲ್ಲಿ ಹಗಲಾದಾಗ. ಎಲ್ಲರೂ ಕೇಳುವುದು ಒಂದೇ: ಇನ್ನೊಂದು ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಲಾ? ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ಇದು ಯಾವ ಬಗೆಯ ಪಾಸಿಟಿವ್?

ತಪ್ಪು ಪಾಸಿಟಿವ್‌ನಲ್ಲಿ ಎರಡು ಬಗೆ

ಪರೀಕ್ಷೆ ಎರಡು ಹಂತದ್ದು. ಮೊದಲನೆಯದು ಇಮ್ಯುನೋಅಸ್ಸೆ ಎಂಬ ಸ್ಕ್ರೀನಿಂಗ್. ಇದು ಅಗ್ಗ, ಬೇಗ ಮುಗಿಯುತ್ತದೆ, ಅಣುವಿನ ಆಕಾರವನ್ನಷ್ಟೇ ಗುರುತಿಸುತ್ತದೆ. ಗಾಂಧಿ ಬಜಾರಿನಲ್ಲಿ ಹಿಂದಿನಿಂದ ನೋಡಿ ಪರಿಚಯದವರೆಂದು ಕೂಗಿದರೆ ತಿರುಗಿದವರು ಬೇರೆ ಯಾರೋ ಆಗಿರುತ್ತಾರಲ್ಲ, ಹಾಗೆ. ಎರಡನೆಯದು ಜಿಸಿ-ಎಂಎಸ್ ಅಥವಾ ಎಲ್‌ಸಿ-ಎಂಎಸ್ ಯಂತ್ರದ ದೃಢೀಕರಣ ಪರೀಕ್ಷೆ. ಇದು ಅಣುವಿನ ತೂಕವನ್ನೂ ಅದು ಒಡೆಯುವ ರೀತಿಯನ್ನೂ ನೋಡುತ್ತದೆ. ಆಕಾರದಲ್ಲಷ್ಟೇ ಹೋಲುವ ಮಾತ್ರೆ ಇಲ್ಲಿ ಬೇರೆಯೆಂದು ಗೊತ್ತಾಗಿಬಿಡುತ್ತದೆ.

ಆದ್ದರಿಂದ ಮೊದಲ ಬಗೆಯ ತಪ್ಪು, ಅಂದರೆ ಯಂತ್ರವೇ ಒಂದನ್ನು ಇನ್ನೊಂದೆಂದು ತಿಳಿಯುವುದು, ಎರಡನೆಯ ಹಂತದಲ್ಲಿ ಸರಿಹೋಗುತ್ತದೆ. ಎರಡನೆಯ ಬಗೆ ಹಾಗಲ್ಲ. ಅಲ್ಲಿ ವಸ್ತು ನಿಜವಾಗಿಯೂ ನಿಮ್ಮ ಮೂತ್ರದಲ್ಲಿ ಇರುತ್ತದೆ. ಆದರೆ ಅದು ಬಂದದ್ದು ಊಟದಿಂದ, ಅಥವಾ ಡಾಕ್ಟರ್ ಬರೆದುಕೊಟ್ಟ ಔಷಧದಿಂದ. ಎಷ್ಟೇ ಒಳ್ಳೆಯ ಯಂತ್ರ ತಂದರೂ ಅದು ಹೌದು, ಇದೆ ಎಂದೇ ಹೇಳುತ್ತದೆ. ಇದನ್ನು ಬಿಡಿಸಬಲ್ಲವರು ಒಬ್ಬರೇ: ಮೆಡಿಕಲ್ ರಿವ್ಯೂ ಆಫೀಸರ್, ಚಿಕ್ಕದಾಗಿ ಎಂಆರ್‌ಒ ಎನ್ನುವ ಡಾಕ್ಟರ್. ನಮ್ಮ ಜನ ಸಿಕ್ಕಿಬೀಳುವುದು ಹೆಚ್ಚಾಗಿ ಈ ಎರಡನೆಯ ಬಗೆಯಲ್ಲೇ ಎಂಬುದು ನನ್ನ ಅನುಭವ.

ಗಸಗಸೆಯ ವಿಷಯ

ಗಸಗಸೆ ಅಫೀಮಿನ ಗಿಡದ ಬೀಜ. ಬೀಜದೊಳಗೆ ಅಫೀಮಿನ ಮಾದಕ ಅಂಶವಾದ ಮಾರ್ಫಿನ್ ಇಲ್ಲ ಎನ್ನುವಷ್ಟು ಕಡಿಮೆ. ಆದರೆ ಕೊಯ್ಲಿನ ಹೊತ್ತಿಗೆ ಕಾಯಿಯ ಹಾಲು ಬೀಜದ ಮೈಗೆ ಅಂಟಿಕೊಂಡಿರುತ್ತದೆ, ಅದರಲ್ಲಿ ಮಾರ್ಫಿನ್, ಕೊಡೀನ್ ಎರಡೂ ಇರುತ್ತವೆ. ಎಷ್ಟು ಎಂಬುದು ಬೆಳೆದ ಊರು, ಕೊಯ್ದ ರೀತಿ, ತೊಳೆದದ್ದರ ಮೇಲೆ ತೀರಾ ಬದಲಾಗುತ್ತದೆ. ಒಂದು ಪೊಟ್ಟಣದಿಂದ ಏನೂ ಆಗದಿದ್ದರೆ ಇನ್ನೊಂದರಿಂದಲೂ ಆಗದು ಎನ್ನುವಂತಿಲ್ಲ. ಬನ್ನಿನ ಮೇಲೆ ಉದುರಿಸಿದ ಚಿಟಿಕೆ ಗಸಗಸೆಯೇ ಅಮೆರಿಕದಲ್ಲಿ ಚರ್ಚೆಗೆ ಕಾರಣವಾಗಿದೆ. ನಾವಾದರೋ ಹುರಿದು, ಅಕ್ಕಿ ಕಾಯಿ ಜೊತೆ ರುಬ್ಬಿ, ಬೆಲ್ಲ ಹಾಕಿ ಲೋಟಗಟ್ಟಲೆ ಪಾಯಸ ಕುಡಿಯುವವರು. ಸಾಗುವಿಗೂ ಕುರ್ಮಕ್ಕೂ ಅದನ್ನೇ ರುಬ್ಬಿ ಹಾಕುತ್ತೇವೆ.

ಇಲ್ಲಿ ಅಂಕಿಗಳು ಮುಖ್ಯ. ಅಮೆರಿಕದ ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ಮಾರ್ಫಿನ್, ಕೊಡೀನ್‌ಗೆ ಮಿತಿ ಬಹುಕಾಲ ಪ್ರತಿ ಮಿಲಿಲೀಟರಿಗೆ 2,000 ನ್ಯಾನೋಗ್ರಾಂ ಇತ್ತು; ಕೇಂದ್ರ ನೌಕರರ ಪರೀಕ್ಷೆಯಲ್ಲಿ ಮಾರ್ಫಿನ್‌ನ ದೃಢೀಕರಣದ ಮಿತಿಯನ್ನು 2025ರಲ್ಲಿ 4,000ಕ್ಕೆ ಏರಿಸಿದ್ದಾರೆ. 2,000ಕ್ಕೂ ಮೊದಲು ಇದು 300 ಇತ್ತು. ಗಸಗಸೆ ತಿಂದವರೆಲ್ಲ ಸಿಕ್ಕಿಬೀಳುತ್ತಿದ್ದ ಕಾರಣಕ್ಕೂ 1998ರಲ್ಲಿ ಏರಿಸಿದರು. ಆದರೆ ಖಾಸಗಿ ಕಂಪನಿಗಳಿಗೆ ಈ ಮಿತಿ ಕಡ್ಡಾಯವಲ್ಲ. ಹಳೆಯ 300ನ್ನೇ ಇಟ್ಟುಕೊಂಡ ಕಡೆಗಳೂ ಇವೆ. ಅಲ್ಲಿ ಒಂದು ಲೋಟ ಪಾಯಸವೇ ಸಾಕಾಗಬಹುದು. ಅಮೆರಿಕದ ರಕ್ಷಣಾ ಇಲಾಖೆಯಂತೂ 2023ರ ಫೆಬ್ರವರಿಯಲ್ಲಿ ತನ್ನ ಸೈನಿಕರಿಗೆ ಗಸಗಸೆಯನ್ನೇ ತಿನ್ನಬೇಡಿ ಎಂದು ಸೂಚನೆ ಕೊಟ್ಟಿತು.

ಸಾರಿಗೆ ಇಲಾಖೆಯ ನಿಯಮದಡಿ, ಅಂದರೆ ಟ್ರಕ್, ವಿಮಾನ, ರೈಲಿನ ಕೆಲಸಗಳಿಗೆ, ಇನ್ನೊಂದು ರಕ್ಷಣೆ ಇದೆ. ಪ್ರಮಾಣ 15,000 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ, ಅಫೀಮು ಬಗೆಯ ವಸ್ತುವಿನ ದುರ್ಬಳಕೆಗೆ ವೈದ್ಯಕೀಯ ಪುರಾವೆ ಸಿಗದೆ ಎಂಆರ್‌ಒ ಪಾಸಿಟಿವ್ ಎಂದು ಬರೆಯುವಂತಿಲ್ಲ. 15,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗಸಗಸೆ ತಿಂದೆ ಎಂಬ ಮಾತನ್ನು ಅವರು ಒಪ್ಪುವುದಿಲ್ಲ.

ಇಷ್ಟರಿಂದ ತಿಳಿಯಬೇಕಾದ್ದು: ಟೆಸ್ಟ್ ಮುಗಿಯುವವರೆಗೆ ಗಸಗಸೆ ಬೇಡ. ಮಾರ್ಫಿನ್ ಸಾಮಾನ್ಯವಾಗಿ ಎರಡು ದಿನ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಮೂತ್ರದಲ್ಲಿ ಕಾಣುತ್ತದೆ. ಒಂದು ವಾರ ಬಿಟ್ಟರೆ ನೆಮ್ಮದಿ. ಅಮ್ಮ ಕಟ್ಟಿಕೊಟ್ಟ ಸಾಗು ಪುಡಿಯಲ್ಲಿ ಏನೇನಿದೆ ಎಂದು ಒಮ್ಮೆ ಕೇಳಿಕೊಳ್ಳಿ. ದುಬೈ ಅಥವಾ ಸಿಂಗಾಪುರದ ದಾರಿಯಲ್ಲಿ ಹೋಗುವವರು ಗಸಗಸೆಯನ್ನು ಸೂಟ್‌ಕೇಸಿಗೆ ಹಾಕಲೇಬೇಡಿ. ಅಲ್ಲಿ ಅದನ್ನು ಒಯ್ಯುವುದೇ ನಿಷಿದ್ಧ.

ಮೆಡಿಕಲ್ ಶಾಪಿನ ಮಾತ್ರೆಗಳು

ಆಕಾರದ ಹೋಲಿಕೆಯಿಂದ ಸ್ಕ್ರೀನಿಂಗನ್ನು ದಾರಿ ತಪ್ಪಿಸುವ ಔಷಧಗಳಲ್ಲಿ ನಮ್ಮ ಮನೆಗಳಲ್ಲಿ ಸದಾ ಇರುವ ಹೆಸರುಗಳಿವೆ. ಎದೆಯುರಿಗೆ ನುಂಗುವ ರಾನಿಟಿಡಿನ್, ಆಂಫೆಟಮಿನ್ ಎಂಬ ಉತ್ತೇಜಕ ಮಾದಕದಂತೆ ತೋರಬಹುದು. 2020ರಲ್ಲಿ ಅಮೆರಿಕ ಇದನ್ನು ಮಾರುಕಟ್ಟೆಯಿಂದ ತೆಗೆಸಿತು, ಆದ್ದರಿಂದ ಅಲ್ಲಿಯವರಿಗೆ ಇದರ ನೆನಪೇ ಬಾರದಿರಬಹುದು. ನೀವೇ ಹೇಳಬೇಕು. ಗರ್ಭಿಣಿಯರಿಗೆ ಬಿಪಿಗೆ ಕೊಡುವ ಲ್ಯಾಬೆಟಲಾಲ್, ಅಲರ್ಜಿಗೆ ಕೊಡುವ ಪ್ರೊಮೆಥಜಿನ್, ಮೂಗು ಕಟ್ಟಿದಾಗಿನ ಸ್ಯೂಡೋಎಫೆಡ್ರಿನ್ ಕೂಡ ಆಂಫೆಟಮಿನ್ ಕಡೆಗೇ ಬೊಟ್ಟು ಮಾಡುತ್ತವೆ. ಅಸಿಡಿಟಿಯ ಪ್ಯಾಂಟೊಪ್ರಜೋಲ್ ಗಾಂಜಾದ ಪಾಸಿಟಿವ್ ತೋರಿಸಬಹುದು ಎಂದು ಅದರ ಅಮೆರಿಕದ ಲೇಬಲ್ಲೇ ಹೇಳುತ್ತದೆ. ಆಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ಆಂಟಿಬಯಾಟಿಕ್‌ಗಳು ಅಫೀಮಿನ ಕಡೆಗೆ, ಕೆಮ್ಮಿನ ಡೆಕ್ಸ್ಟ್ರೋಮೆಥಾರ್ಫನ್ ಪಿಸಿಪಿ ಎಂಬ ಮಾದಕದ ಕಡೆಗೆ. ಇವೆಲ್ಲ ದೃಢೀಕರಣದಲ್ಲಿ ತಾನಾಗಿ ಬಿದ್ದುಹೋಗುತ್ತವೆ. ಹಾಗಾಗಿ ಇವುಗಳಿಗೆ ನಾನು ಅಷ್ಟು ಹೆದರುವುದಿಲ್ಲ. ಟೆಸ್ಟಿಗೆಂದು ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ ನಿಲ್ಲಿಸುವುದನ್ನು ಮಾತ್ರ ಯಾರೂ ಮಾಡಬೇಡಿ.

ನನಗೆ ಹೆದರಿಕೆ ನಿಜವಾಗಿಯೂ ಮೂತ್ರದಲ್ಲಿ ಉಳಿಯುವ ಔಷಧಗಳ ಬಗ್ಗೆ. ಕೊಡೀನ್ ಇರುವ ಕೆಮ್ಮಿನ ಸಿರಪ್ ಮೊದಲನೆಯದು. ಬೆನ್ನುನೋವಿಗೂ ಹಲ್ಲು ಕೀಳಿಸಿದಾಗಲೂ ಬರೆಯುವ, ಪ್ಯಾರಾಸಿಟಮಾಲ್ ಜೊತೆ ಸೇರಿದ ಟ್ರಮಡಾಲ್ ಎರಡನೆಯದು. ಮೂರನೆಯದನ್ನು ಕೇಳಿದರೆ ಎಷ್ಟೋ ಜನರಿಗೆ ಆಶ್ಚರ್ಯವಾಗುತ್ತದೆ: ಹೊಟ್ಟೆ ತೊಳಸುವುದಕ್ಕೆ, ಗ್ಯಾಸಿಗೆ ಎಂದು ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಇದೆ. ಅದು ನಿದ್ದೆ ಮಾತ್ರೆಯ ವಂಶದ ಬೆಂಜೋಡಯಾಜೆಪಿನ್. ಒಂಬತ್ತು ಹತ್ತು ವಸ್ತು ನೋಡುವ ದೊಡ್ಡ ಪ್ಯಾನೆಲ್‌ಗಳು ಇದನ್ನು ಹಿಡಿಯುತ್ತವೆ. ಇನ್ನು ಆತಂಕಕ್ಕೆ, ನಿದ್ದೆಗೆ ಕೊಡುವ ಎಟಿಜೋಲಾಮ್. ಇಲ್ಲಿ ಡಾಕ್ಟರ್‌ಗಳು ಸಲೀಸಾಗಿ ಬರೆಯುವ ಈ ಮಾತ್ರೆಗೆ ಅಮೆರಿಕದಲ್ಲಿ ಮಾನ್ಯತೆಯೇ ಇಲ್ಲ. 2023ರಲ್ಲಿ ಅದನ್ನು ಅತ್ಯಂತ ಕಟ್ಟುನಿಟ್ಟಿನ ಒಂದನೇ ಪಟ್ಟಿಗೆ ಸೇರಿಸಿದ್ದಾರೆ. ಹೊರಡುವ ಮುಂಚೆಯೇ ಡಾಕ್ಟರನ್ನು ಕಂಡು ಬೇರೆ ಔಷಧಕ್ಕೆ ಬದಲಾಯಿಸಿಕೊಳ್ಳಿ. ಒಂದೇ ಸಲಕ್ಕೆ ನಿಲ್ಲಿಸಬೇಡಿ.

ಆಯುರ್ವೇದದ ಹೆಸರಿನ ಡಬ್ಬಿಗಳನ್ನೂ ತಿರುಗಿಸಿ ಓದಿ. ವಿಜಯಾ ಅಥವಾ ಭಂಗಾ ಎಂದಿದ್ದರೆ ಅದು ಗಾಂಜಾ ಗಿಡದ ಎಲೆ, ಅಹಿಫೇನ ಎಂದಿದ್ದರೆ ಅಫೀಮು. ಜಾತಿಫಲಾದಿ ಚೂರ್ಣದಲ್ಲಿ ಮೊದಲನೆಯದು ಇದೆ, ಕಾಮಿನಿ ಎಂಬ ಹೆಸರಿನ ಗುಳಿಗೆಗಳಲ್ಲಿ ಎರಡನೆಯದು. ಹೋಳಿಯ ಭಂಗಿ ನಮ್ಮ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ ಗಾಂಜಾ ವ್ಯಾಖ್ಯೆಯ ಹೊರಗಿದೆ ನಿಜ. ಅಮೆರಿಕದ ಲ್ಯಾಬಿಗೆ ಅದು ಗಾಂಜಾವೇ. ಅಲ್ಲಿ ಅಂಗಡಿಯಲ್ಲಿ ಸಿಗುವ, ಗಾಂಜಾ ಗಿಡದಿಂದ ತೆಗೆದ ಸಿಬಿಡಿ ಎಣ್ಣೆಯೂ ಅಷ್ಟೇ, ಸಾರಿಗೆ ಇಲಾಖೆ ಅದನ್ನು ಕಾರಣವಾಗಿ ಒಪ್ಪುವುದಿಲ್ಲ.

ಬೆಂಗಳೂರಿನಲ್ಲೇ ಮಾಡಿಸಿಕೊಳ್ಳಬೇಕಾದ ಕಾಗದ

ಬೀದಿ ಕೊನೆಯ ಮೆಡಿಕಲ್‌ನಲ್ಲಿ ಬಿಲ್ಲಿಲ್ಲದೆ ಎರಡು ಸ್ಟ್ರಿಪ್ ಕೊಳ್ಳುವ ಅಭ್ಯಾಸ ಇಲ್ಲಿ ನಡೆಯುತ್ತದೆ, ಅಲ್ಲಿ ಕುತ್ತಿಗೆಗೆ ಬರುತ್ತದೆ. ಡಾಕ್ಟರ್ ಹತ್ತಿರ ಲೆಟರ್‌ಹೆಡ್‌ನಲ್ಲಿ, ಇಂಗ್ಲಿಷಿನಲ್ಲಿ, ಟೈಪ್ ಮಾಡಿದ ಚೀಟಿ ತೆಗೆದುಕೊಳ್ಳಿ. ಅದರಲ್ಲಿ ಬ್ರ್ಯಾಂಡಿನ ಹೆಸರಿನ ಜೊತೆ ಔಷಧದ ಮೂಲ ಹೆಸರು, ಪ್ರಮಾಣ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಕಾಯಿಲೆಗೆ, ಡಾಕ್ಟರ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರಲಿ. ನಮ್ಮ ಬ್ರ್ಯಾಂಡುಗಳು ಅಲ್ಲಿಯ ಎಂಆರ್‌ಒಗೆ ಏನೂ ಹೇಳುವುದಿಲ್ಲ. ಬಿಲ್ಲನ್ನೂ, ಸ್ಟ್ರಿಪ್ಪಿನ ಹಿಂಬದಿಯ ಫೋಟೋವನ್ನೂ ಇಟ್ಟುಕೊಳ್ಳಿ. ಕೊಡೀನ್, ಟ್ರಮಡಾಲ್, ಆಲ್ಪ್ರಜೋಲಾಮ್‌ನಂಥವು ಶೆಡ್ಯೂಲ್ ಎಚ್1 ಎಂಬ ಕಟ್ಟುನಿಟ್ಟಿನ ಔಷಧಪಟ್ಟಿಯಲ್ಲಿವೆ. ಅಂಗಡಿಯವರು ಮಾರಾಟವನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಬಿಲ್ ಕಳೆದುಹೋಗಿದ್ದರೆ ಅಲ್ಲಿ ಕೇಳಬಹುದು.

ಬೇರೆ ದೇಶದಲ್ಲಿ ಕಾನೂನುಬದ್ಧವಾಗಿ ಪಡೆದ ಔಷಧವನ್ನು ಎಂಆರ್‌ಒ ಪರಿಗಣಿಸಬಹುದು, ಆದರೆ ಪುರಾವೆ ಕೊಡುವ ಹೊಣೆ ನಿಮ್ಮದು. ಚೀಟಿ ನಿಮ್ಮ ಹೆಸರಿನಲ್ಲೇ ಇರಬೇಕು. ಅಮ್ಮನ ಮಂಡಿನೋವಿನ ಮಾತ್ರೆಯನ್ನು ಮಗ ನುಂಗುವುದು ನಮ್ಮಲ್ಲಿ ಪ್ರೀತಿ. ಅಲ್ಲಿ ಅದು ಸಮರ್ಥನೆ ಅಲ್ಲ.

ಟೆಸ್ಟಿನ ದಿನ, ಆಮೇಲಿನ ಫೋನು

ಕೇಂದ್ರದ ನಿಯಮದ ಪರೀಕ್ಷೆಯಲ್ಲಿ 45 ಮಿಲಿಲೀಟರ್ ಮೂತ್ರ ಕೊಡಬೇಕು. 30 ಒಂದು ಬಾಟಲಿಗೆ, 15 ಇನ್ನೊಂದಕ್ಕೆ. ಎರಡಕ್ಕೂ ನಿಮ್ಮ ಕಣ್ಣೆದುರೇ ಸೀಲ್ ಹಾಕಬೇಕು, ಸೀಲಿನ ಮೇಲೆ ನಿಮ್ಮ ಇನಿಷಿಯಲ್ ಬೀಳಬೇಕು. ಫಾರ್ಮಿನ ನಂಬರು, ಬಾಟಲಿಯ ನಂಬರು ತಾಳೆಯಾಗುತ್ತವೆಯೇ ನೋಡಿ, ನಿಮ್ಮ ಪ್ರತಿ ಕೇಳಿ ಪಡೆಯಿರಿ. ಭಯಕ್ಕೆ ಲೀಟರುಗಟ್ಟಲೆ ನೀರು ಕುಡಿದು ಹೋದರೆ ಡೈಲ್ಯೂಟ್ ಎಂದು ಬರೆದು ಮತ್ತೆ ಕರೆಯಬಹುದು. ಮಾತ್ರೆಗಳ ಪಟ್ಟಿಯನ್ನು ಮೂತ್ರ ತೆಗೆದುಕೊಳ್ಳುವವರಿಗೆ ಒಪ್ಪಿಸಬೇಕಿಲ್ಲ. ನಿಮ್ಮ ಪ್ರತಿಯ ಹಿಂಬದಿಗೆ ಬರೆದಿಟ್ಟುಕೊಳ್ಳಿ.

ಆಮೇಲಿನ ಮುಖ್ಯ ಕೆಲಸ ಫೋನ್ ಎತ್ತುವುದು. ಗೊತ್ತಿಲ್ಲದ ನಂಬರ್ ಎಂದರೆ ಕಟ್ ಮಾಡುವುದು ನಮಗೆಲ್ಲ ಅಭ್ಯಾಸವಾಗಿದೆ. ದೃಢೀಕರಣದಲ್ಲೂ ಪಾಸಿಟಿವ್ ಬಂದರೆ ಎಂಆರ್‌ಒ ಕಂಪನಿಗೆ ಹೇಳುವ ಮೊದಲು ನಿಮಗೆ ಫೋನ್ ಮಾಡುತ್ತಾರೆ. ಸಾರಿಗೆ ಇಲಾಖೆಯ ನಿಯಮದಲ್ಲಿ ಅವರು 24 ಗಂಟೆಯೊಳಗೆ ಕನಿಷ್ಠ ಮೂರು ಸಲ ಪ್ರಯತ್ನಿಸಬೇಕು. ಸಿಗದಿದ್ದರೆ ಕಂಪನಿಯ ಮೂಲಕ ಹೇಳಿಸುತ್ತಾರೆ. ಹೇಳಿದ 72 ಗಂಟೆಯೊಳಗೆ ನೀವು ಮಾತಾಡದಿದ್ದರೆ ಪಾಸಿಟಿವ್ ಎಂದೇ ಮುಚ್ಚಬಹುದು. ನಿಮ್ಮ ಮಾತು ಕೇಳುವ ಸ್ಥಳ ಆ ಫೋನೇ. ಶಾಂತವಾಗಿ ಯಾವ ವಸ್ತು, ಎಷ್ಟು ಪ್ರಮಾಣ, ದೃಢೀಕರಣ ಯಾವ ವಿಧಾನದಲ್ಲಿ ಆಯಿತು ಎಂದು ಕೇಳಿ ಬರೆದುಕೊಳ್ಳಿ. ಔಷಧವಿದ್ದರೆ ಹೇಳಿ, ಬೆಂಗಳೂರಿನಿಂದ ಚೀಟಿ ತರಿಸಲು ಸಮಯ ಕೇಳಿ. ಸಮಯದ ವ್ಯತ್ಯಾಸವಿದೆ ಎಂದು ಬಿಡಿಸಿ ಹೇಳಿ. ಗಸಗಸೆ ತಿಂದಿದ್ದರೆ ಅದನ್ನೂ ಹೇಳಿ. ಥೀಬೇನ್ ಎಂಬ ಗುರುತು ಪರೀಕ್ಷೆಯಲ್ಲಿ ಕಂಡರೆ ಅದು ಗಸಗಸೆಯ ಕಡೆಗೆ ವಾಲುತ್ತದೆ, ಆ ಪರೀಕ್ಷೆ ಸಾಧ್ಯವೇ ಎಂದು ಕೇಳಬಹುದು.

ಎರಡನೆಯ ಬಾಟಲಿಯನ್ನು ಬೇರೆ ಲ್ಯಾಬಿಗೆ ಕಳಿಸಿ ಎಂದು ಕೇಳಲು ಇದೇ ನಿಯಮದಲ್ಲಿ 72 ಗಂಟೆ ಇದೆ. ಮೂತ್ರ ಅದಲುಬದಲಾಗಿದೆ, ನೀವು ಏನನ್ನೂ ಮುಟ್ಟಿಲ್ಲ ಎಂದಾದರೆ ತಕ್ಷಣ ಕೇಳಿ. ಆದರೆ ಗಸಗಸೆ, ಕೊಡೀನ್ ಪ್ರಕರಣದಲ್ಲಿ ಇದರಿಂದ ಲಾಭವಿಲ್ಲ. ಆ ಮರುಪರೀಕ್ಷೆ ಮಿತಿಯನ್ನು ನೋಡುವುದಿಲ್ಲ, ವಸ್ತು ಇದೆಯೇ ಎಂದಷ್ಟೇ ನೋಡುತ್ತದೆ, ಅದು ಇದ್ದೇ ಇರುತ್ತದೆ. ಮಾರನೆಯ ದಿನ ನೀವಾಗಿ ಬೇರೆ ಲ್ಯಾಬಿನಲ್ಲಿ ಮಾಡಿಸಿದ ಟೆಸ್ಟನ್ನೂ ಈ ನಿಯಮದಲ್ಲಿ ಎಂಆರ್‌ಒ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಹಣವನ್ನೂ ಆ ಮೂರು ದಿನವನ್ನೂ ಚೀಟಿ ಜೋಡಿಸಲು ಬಳಸಿ.

ಖಾಸಗಿ ಕಂಪನಿಗಳಲ್ಲಿ ಹಕ್ಕುಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸ್ಥಳದಲ್ಲೇ ಕಪ್ಪಿನಲ್ಲಿ ನೋಡುವ ದಿಢೀರ್ ಟೆಸ್ಟಿನ ಮೇಲೆಯೇ ಆಫರ್ ಹಿಂದಕ್ಕೆ ಪಡೆಯುವುದಾಗಿ ಎಚ್‌ಆರ್ ಹೇಳಿದರೆ, ದೃಢೀಕರಣ ಮಾಡಿಸಿ, ಎಂಆರ್‌ಒಗೆ ಕಳಿಸಿ ಎಂದು ಇಮೇಲಿನಲ್ಲೇ ಕೇಳಿ. ಮಿನೆಸೋಟಾದಲ್ಲಿ ವಿವರಣೆ ಕೊಡಲು ಮೂರು ಕೆಲಸದ ದಿನ, ಸ್ವಂತ ಖರ್ಚಿನಲ್ಲಿ ಮರುಪರೀಕ್ಷೆ ಕೇಳಲು ಐದು ಕೆಲಸದ ದಿನ ಕಾನೂನೇ ಕೊಟ್ಟಿದೆ. ನಿಮ್ಮ ರಾಜ್ಯದಲ್ಲಿ ಏನಿದೆ ಎಂದು ಆಫರ್ ಬಂದ ದಿನವೇ ನೋಡಿಕೊಳ್ಳಿ.

ನ್ಯೂಯಾರ್ಕ್ ನಗರ 2020ರಿಂದ, ಕ್ಯಾಲಿಫೋರ್ನಿಯಾ 2024ರಿಂದ ಹಲವು ಕೆಲಸಗಳಿಗೆ ಗಾಂಜಾ ಪರೀಕ್ಷೆಯನ್ನು ಮಿತಿಗೊಳಿಸಿವೆ. ಅದನ್ನು ಕೇಳಿ ವೀಸಾದಲ್ಲಿರುವವರು ಮೈಮರೆಯಬೇಡಿ. ವಲಸೆ ಕಾನೂನು ಕೇಂದ್ರದ್ದು, ಅಲ್ಲಿ ಗಾಂಜಾ ಇನ್ನೂ ಅಪರಾಧ. ಎಚ್‌-1ಬಿಯಲ್ಲಿ ಕೆಲಸ ಹೋದರೆ ಇನ್ನೊಂದು ದಾರಿ ನೋಡಿಕೊಳ್ಳಲು ಇರುವುದು ಹೆಚ್ಚೆಂದರೆ 60 ದಿನ. ಆದ್ದರಿಂದ ಟೆಸ್ಟಿನ ತಕರಾರು ಬಗೆಹರಿಯುವವರೆಗೆ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಪಾಸಿಟಿವ್ ಎಂದು ಅಂತಿಮವಾಗಿಬಿಟ್ಟರೆ ಯಾವ ಕಾಗದಕ್ಕೂ ಸಹಿ ಹಾಕುವ ಮುನ್ನ ವಲಸೆ ವಕೀಲರೊಬ್ಬರ ಜೊತೆ ಮಾತಾಡಿ.