ಕೋಸಂಬರಿ ಕೊಟ್ಟ ಏಟು

ಬುದ್ಧನ ಕಾಲದ ದೊಡ್ಡ ರಾಜ್ಯಗಳಾದ ಹದಿನಾರು ಮಹಾಜನಪದಗಳನ್ನು ನಾನು ಕಾಲೇಜಿನಲ್ಲಿ ಒಮ್ಮೆ, ಸ್ಪರ್ಧಾತ್ಮಕ ಪರೀಕ್ಷೆಗೆಂದು ಇನ್ನೊಮ್ಮೆ ಬಾಯಿಪಾಠ ಮಾಡಿದ್ದೆ. ಎರಡು ಸಲವೂ ಒಂಬತ್ತನೆಯ ಹೆಸರಿಗೆ ಬಂದು ಗಾಡಿ ನಿಲ್ಲುತ್ತಿತ್ತು. ಕಚೇರಿ ಮುಗಿಸಿ ಬಂದು ರಾತ್ರಿ ಹತ್ತಕ್ಕೆ ಪುಸ್ತಕ ಹಿಡಿಯುವವನಿಗೆ ಉರು ಹೊಡೆಯುವ ತ್ರಾಣ ಎಲ್ಲಿರುತ್ತದೆ? ಹಾಗಾಗಿ ಒಂದೊಂದು ಹೆಸರನ್ನೂ ಚಿತ್ರವಾಗಿಸಿ, ಪರಿಚಯದ ದಾರಿಯುದ್ದಕ್ಕೂ ಇಟ್ಟು ಬರುವ ಹಳೆಯ ಉಪಾಯಕ್ಕೆ ಶರಣಾದೆ.

ಮೊದಲು ಆರಿಸಿಕೊಂಡದ್ದು ಮೆಟ್ರೋದ ಹಸಿರು ಮಾರ್ಗ. ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಹೆಸರು ಗೊತ್ತಿರುವುದು ಬೇರೆ, ಜಾಗ ಕಣ್ಣಿಗೆ ಕಟ್ಟುವುದು ಬೇರೆ. ಎಲ್ಲಿ ಇಳಿದರೂ ಅದೇ ಕಂಬ, ಅದೇ ಎಸ್ಕಲೇಟರ್. ಮಗಧಕ್ಕೆಂದು ಚಿಕ್ಕಪೇಟೆಯಲ್ಲಿ ಬಿಟ್ಟ ಮಗುವಿನ ಚಿತ್ರ ಲಾಲ್‌ಬಾಗಿನಲ್ಲಿ ಸಿಗುತ್ತಿತ್ತು. ಎರಡೇ ದಿನಕ್ಕೆ ಕೈಬಿಟ್ಟೆ.

ಆಮೇಲೆ ನಮ್ಮ ಮನೆಯಿಂದ ಗಾಂಧಿ ಬಜಾರಿನ ಮೂಲಕ ದೊಡ್ಡ ಬಸವನ ಗುಡಿಯವರೆಗಿನ ದಾರಿ. ಗೇಟಿಗೆ ಅಂಗಿ ನೇತುಹಾಕಿದೆ: ಅಂಗ. ಎದುರು ಮನೆಯ ಸ್ಕೂಟರ್ ಓಡಿಸಲು ಹೊರಟ ಮಗು: ಮಗಧ. ಮೂಲೆಯ ಗಾಡಿಯವನು ಎಳನೀರು ಕೆತ್ತಿದರೆ ಒಳಗೆ ಕಾಶಿ ಹಲ್ವ. ಹೂವಾಡಗಿತ್ತಿ ಮೊಳ ಹಾಕಿ ಅಳೆದು ಕೊಡುತ್ತಿರುವುದು ಕೋಸಂಬರಿ: ಕೋಸಲ. 1943ರಿಂದ ದೋಸೆ ಹಾಕುತ್ತಿರುವ ವಿದ್ಯಾರ್ಥಿ ಭವನದ ಮುಂದೆ ಕಾದು ನಿಂತವರೆಲ್ಲ ಮೆಣಸಿನಕಾಯಿ ಬಜ್ಜಿಗಳು: ವಜ್ಜಿ. ಅಡ್ಡರಸ್ತೆಯಲ್ಲಿ ಬಸ್ಸನ್ನು ತಡೆದು ನಿಂತ ಮಲ್ಲ, ಟ್ರಾನ್ಸ್‌ಫಾರ್ಮರ್ ಮೇಲೆ ಚೇಳು, ಅಂದರೆ ಚೇದಿ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ ಕರು: ವತ್ಸ ಎಂದರೆ ಕರುವೇ ತಾನೇ. ನಾನು ಸದಾ ಮುಗ್ಗರಿಸುತ್ತಿದ್ದ ಕುರು, ಕ್ಷೌರದಂಗಡಿಯ ಗಿರಗಿರ ತಿರುಗುವ ಕುರ್ಚಿಯಾಯಿತು. ರಾಮಕೃಷ್ಣ ಆಶ್ರಮದ ಗೋಡೆಗೆ ಒಣಹಾಕಿದ ಐದು ಪಂಚೆಗಳು ಪಾಂಚಾಲ. ಸಿಗ್ನಲ್ ದೀಪದಲ್ಲಿ ಈಜುವ ಮೀನು ಮತ್ಸ್ಯ, ಉದ್ಯಾನದ ಬಾಗಿಲಲ್ಲಿ ಕಾವಲು ನಿಂತ ಒಂಟಿ ಶೂ ಶೂರಸೇನ.

ಹದಿಮೂರನೆಯದಾದ ಅಶ್ಮಕಕ್ಕೆ ಕಹಳೆ ಬಂಡೆ ಸಿಕ್ಕಿತು. ಅಶ್ಮ ಎಂದರೆ ಕಲ್ಲು. ಬಂಡೆಯೇ ಇರುವಾಗ ಚಿತ್ರವೇಕೆ ಎಂದು ಸುಮ್ಮನಾದೆ. ಮರುದಿನ ಆ ಜಾಗವನ್ನು ದಾಟಿಯೇ ಹೋಗಿಬಿಟ್ಟಿದ್ದೆ! ಇದ್ದದ್ದು ಇದ್ದ ಹಾಗೇ ಇದ್ದರೆ ಮನಸ್ಸು ತಿರುಗಿ ನೋಡುವುದಿಲ್ಲ. ಬಂಡೆಯ ಕುತ್ತಿಗೆಯವರೆಗೂ ಗೋದಾವರಿಯ ಕೆಂಪು ನೀರು ಹರಿಸಿದ ಮೇಲೆ ಸರಿಹೋಯಿತು. ಅಶ್ಮಕ ಗೋದಾವರಿ ದಡದ ಜನಪದ ಎಂಬುದೂ ಪುಕ್ಕಟೆ ನೆನಪಾಗಿ ಉಳಿಯಿತು.

ಮುಂದೆ ಪರಿಷೆಯ ಕಡಲೆಕಾಯಿ ರಾಶಿಯ ಜಾಗದಲ್ಲಿ ಅವರೆಕಾಯಿ, ಅದು ಅವಂತಿ. ದೊಡ್ಡ ಗಣಪತಿಯ ಬೆಣ್ಣೆ ಅಲಂಕಾರ ನೋಡಲು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಬಂದ ಗಾಂಧಾರಿ, ಪಾಪ: ಗಾಂಧಾರ. ಕೊನೆಗೆ ದೊಡ್ಡ ಬಸವನಿಗೆ ಕಂಬಳಿ ಹೊದಿಸಿದರೆ ಕಾಂಬೋಜ.

ಇಟ್ಟ ರಾತ್ರಿ ಒಮ್ಮೆ, ಬೆಳಗ್ಗೆ ಹಲ್ಲುಜ್ಜುವಾಗ ಒಮ್ಮೆ, ಆಮೇಲೆ ವಾರಕ್ಕೊಮ್ಮೆ ಬಸವನಿಂದ ಮನೆಗೆ ಹಿಮ್ಮುಖವಾಗಿ ನಡೆದೆ. ಹದಿನಾರೂ ಕದಲಲಿಲ್ಲ. ಬೀಗುತ್ತಾ ತರಬೇತಿ ಕೇಂದ್ರವೊಂದರ ಮಾದರಿ ಪರೀಕ್ಷೆಗೆ ಕೂತೆ. ಕೋಸಲದ ರಾಜಧಾನಿ ಯಾವುದು? ಹೂವಾಡಗಿತ್ತಿಯ ಬುಟ್ಟಿಯನ್ನು ನೋಡಿದೆ, ಕೋಸಂಬರಿ ಕಂಡಿತು, ಕೌಶಾಂಬಿ ಎಂದು ಗುರುತು ಹಾಕಿದೆ. ಕೌಶಾಂಬಿ ವತ್ಸದ್ದು, ಕೋಸಲದ್ದು ಶ್ರಾವಸ್ತಿ. ಮರೆತದ್ದರಿಂದಲ್ಲ, ಚೆನ್ನಾಗಿ ನೆನಪಿಟ್ಟದ್ದರಿಂದಲೇ ಅಂಕ ಕಳೆದುಕೊಂಡೆ. ಚಿತ್ರ ವಿಚಿತ್ರವಾಗಿದ್ದರೆ ಸಾಕು ಎಂದು ಹೇಳುವವರು ಇದನ್ನು ಹೇಳುವುದಿಲ್ಲ: ಅದು ಪಕ್ಕದ ಮನೆಯ ಬಾಗಿಲನ್ನೂ ತಟ್ಟುವಂತಿರಬಾರದು. ಆ ಸಂಜೆಯೇ ಹೂವಾಡಗಿತ್ತಿಯ ಕೈಗೆ ಎಲೆಕೋಸು ಕೊಟ್ಟು, ಕೋಸಂಬರಿಯ ಬೋಗುಣಿಯನ್ನು ಬೆಂಚಿನ ಮೇಲಿದ್ದ ಕರುವಿನ ಮುಂದಿಟ್ಟೆ. ಈಗ ಅದು ತಿನ್ನುತ್ತಿರುತ್ತದೆ, ವತ್ಸ, ಕೌಶಾಂಬಿ.

ಇಸವಿಗಳಿಗೆ ದಾರಿ ಬೇಕಾಗಲಿಲ್ಲ, ಅಮ್ಮನ ಸಂಗೀತ ಪಾಠವೇ ಒದಗಿತು. ಕರ್ನಾಟಕ ಸಂಗೀತದ ತಾಯಿರಾಗಗಳಾದ ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲಿಯೇ ಅವುಗಳ ಸಂಖ್ಯೆ ಅಡಗಿದೆ. ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಪದ್ಧತಿಯಂತೆ 'ಮ' ಐದು, 'ಯ' ಒಂದು. ತಿರುಗಿಸಿ ಓದಿದರೆ ಮಾಯಾಮಾಳವಗೌಳ 15ನೆಯ ಮೇಳ. ಅದನ್ನೇ ತಿರುಗುಮುರುಗಾಗಿ, ಇಸವಿಯ ಕೊನೆಯ ಎರಡಂಕಿಗಳಿಂದ ಪದ ಕಟ್ಟಲು ಬಳಸಿದೆ. ಬ್ರಿಟಿಷರು ಮೈಸೂರಿನ ಆಡಳಿತ ವಹಿಸಿಕೊಂಡದ್ದು 1831: 'ಕ' ಒಂದು, 'ಬ' ಮೂರು, ಒತ್ತಕ್ಷರದಲ್ಲಿ ಕೊನೆಯದಷ್ಟೇ ಲೆಕ್ಕ, ಹಾಗಾಗಿ ಕಬ್ಬು. ಅರಸರಿಗೆ ರಾಜ್ಯ ಮರಳಿದ್ದು 1881: 'ಪ' ಒಂದು, 'ದ' ಎಂಟು. ಸಿಂಹಾಸನದ ಮೆಟ್ಟಿಲ ಮೇಲೆ ಚಾಮರಾಜೇಂದ್ರ ಒಡೆಯರ ಪಾದ. ಕಬ್ಬು ಎಂದೊಡನೆ ಕಬ್ಬನ್ ನೆನಪಾಗುವ ಅಪಾಯ ಇಲ್ಲೂ ಇತ್ತು, ಆ ಬ್ರಿಟಿಷ್ ಅಧಿಕಾರಿ ಮೈಸೂರಿನ ಕಮಿಷನರ್ ಆದದ್ದು 1834ರಲ್ಲಿ. ಆದರೆ ಕೋಸಂಬರಿಯ ಏಟು ತಿಂದಿದ್ದೆನಲ್ಲ, ಈ ಸಲ ಮೊದಲೇ ಎಚ್ಚರವಾಗಿದ್ದೆ.

ಅದೇ ದಾರಿಯಲ್ಲಿ ಎರಡನೆಯ ಪಟ್ಟಿ ಇಡಲು ಹೋದರೆ ಹಳೆಯವರು ಜಾಗ ಬಿಡಲಿಲ್ಲ. ಬಜ್ಜಿಗಳು ಸಾಲು ಬಿಟ್ಟು ಕದಲವು. ಅಡುಗೆಮನೆಯ ಶೆಲ್ಫನ್ನು ಹಿಡಿದು ಡಬ್ಬಿಗೊಂದರಂತೆ ಹೆಸರು ತುಂಬಿದೆ. ಹಬ್ಬಕ್ಕೆ ಶೆಲ್ಫ್ ಒರೆಸಿದ ಅಮ್ಮ ತೊಗರಿಬೇಳೆ ಡಬ್ಬಿಯನ್ನು ಮೇಲಕ್ಕೂ ಮೆಂತ್ಯದ್ದನ್ನು ಕೆಳಕ್ಕೂ ಇಟ್ಟುಬಿಟ್ಟರು. "ಅಮ್ಮ, ಅದರಲ್ಲಿ ನನ್ನ ಶಾತವಾಹನರಿದ್ದರು" ಎಂದೆ. "ಇದ್ದರೆ ಇರಲಿ, ಹುಳು ಬಿದ್ದಿತ್ತು" ಎಂದರು.