1759ರ ಕೆಬೆಕ್ ನಗರವನ್ನು ಕಾದಂಬರಿಗಾಗಿ ಕಟ್ಟಿಕೊಂಡ ಬಗೆ

ಕೆನಡಾದ ಕೆಬೆಕ್ ನಗರದ ಚಿತ್ರ ಹುಡುಕಿದರೆ ಮೊದಲು ಕಾಣುವುದು ಬಂಡೆಯ ನೆತ್ತಿಯಲ್ಲಿ ಹಸಿರುಗಟ್ಟಿದ ತಾಮ್ರದ ಚಾವಣಿ ಹೊತ್ತು ನಿಂತ ಶಾತೋ ಫ್ರೊಂತ್ನಾಕ್. ಅದು 1893ರ ಹೋಟೆಲು. ನಡುವಿನ ಎತ್ತರದ ಗೋಪುರ 1924ರದು. ನನ್ನ ಕಾದಂಬರಿಯ ಕಾಲ 1758ರ ನವೆಂಬರಿನಿಂದ 1759ರ ಸೆಪ್ಟೆಂಬರ್‌ವರೆಗೆ. ಫ್ರೆಂಚರ ಕೈಲಿದ್ದ ಊರಿಗೆ ಇಂಗ್ಲಿಷರು ಮುತ್ತಿಗೆ ಹಾಕಿ ಗೆದ್ದ ಕಾಲ ಅದು. ಹಾಗಾಗಿ ಶುರುಮಾಡಿದ್ದೇ ಕೆಡವುವ ಕೆಲಸದಿಂದ.

ಇವತ್ತಿನ ಹಳೇ ಊರಿನ ನಕ್ಷೆಯನ್ನು ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದು, ಮೇಲೆ ಟ್ರೇಸಿಂಗ್ ಕಾಗದ ಇಟ್ಟು, 1759ರ ನಂತರ ಬಂದದ್ದನ್ನೆಲ್ಲ ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದೆ. ನಕ್ಷತ್ರಾಕಾರದ ಸಿಟಡೆಲ್ ಕೋಟೆ ಹೋಯಿತು, ಅದನ್ನು ಇಂಗ್ಲಿಷರು 1820ರಲ್ಲಿ ಶುರುಮಾಡಿದ್ದು. ಬಂಡೆಯಂಚಿನ ಉದ್ದನೆಯ ಹಲಗೆಯ ಜಗುಲಿ, ಮೇಲೂರು ಕೆಳಗೂರು ಜೋಡಿಸುವ ಹಳಿಬಂಡಿ, ಎರಡೂ 1879ರವು. ಈಗಿನ ಸೆಂ-ಜಾಂ ಹೆಬ್ಬಾಗಿಲು 1939ರದು. ಜಗುಲಿ ಇರುವ ಜಾಗದಲ್ಲಿ ಆಗ ಗವರ್ನರನ ಶಾತೋ ಸೆಂ-ಲೂಯಿ ಇತ್ತು. ಕೆಳಗೂರಿನ ಬಂದರಿನ ಬದಿಗೆ ಬಂದರೆ ಕೆಂಪು ಪೆನ್ಸಿಲಿಗೆ ಕೈತುಂಬ ಕೆಲಸ: ಈಗ ದಾಲೂಸಿ ಬೀದಿ ಹಾದುಹೋಗುವ ಕಡೆ ಆಗ ನೀರು, ಇಳಿತ ಬಂದಾಗ ಕೆಸರು.

ಎಲ್ಲರೂ ಮೋಸಹೋಗುವ ಜಾಗ ಪ್ಲಾಸ್ ರ್ವಾಯಾಲ್ ಚೌಕ. ಊರಲ್ಲೇ ಅತಿ ಹಳೆಯದಾಗಿ ಕಾಣುವುದು ಅದು, ಆದರೆ ಅಲ್ಲಿನ ಬಹಳಷ್ಟು ಮನೆಗಳ ಮುಖ 1970ರ ದಶಕದ ಜೀರ್ಣೋದ್ಧಾರದಲ್ಲಿ ಬಂದದ್ದು. ಅಲ್ಲಿನ ಫೋಟೋ ನೋಡಿ ಕಿಟಕಿ ಬಾಗಿಲು ವರ್ಣಿಸಿದರೆ ಆ ವಾಸ್ತುಶಿಲ್ಪಿಗಳ ಕಲ್ಪನೆಯನ್ನು ನಕಲು ಮಾಡಿದಂತಾಗುತ್ತದೆ. ನಾನು ನೆಚ್ಚಿಕೊಂಡದ್ದು 1727ರಲ್ಲಿ ಅಂತಾಂದಾಂ ದ್ಯುಪ್ವಿ ಹೊರಡಿಸಿದ ಕಟ್ಟಡ ನಿಯಮವನ್ನು. ಅಂತಾಂದಾಂ ಎಂದರೆ ನಮ್ಮ ಲೆಕ್ಕದಲ್ಲಿ ದಿವಾನ. ಬೆಂಕಿಯ ಭಯಕ್ಕೆ ಹುಟ್ಟಿದ ನಿಯಮ ಅದು: ಮರದ ಮನೆ ಬೇಡ, ಕಲ್ಲಿನದೇ ಆಗಬೇಕು, ಮರದ ತೊಲೆಗಳು ತುಂಬುವ ಮನ್ಸಾರ್ ಚಾವಣಿ ಬೇಡ, ಅಕ್ಕಪಕ್ಕದ ಮನೆಗಳ ನಡುವಿನ ಗೋಡೆ ಚಾವಣಿಗಿಂತ ಮೇಲೆದ್ದಿರಬೇಕು. ಚಾವಣಿಗೆ ಒರಗಿಸಿಟ್ಟ ಏಣಿಯೂ ಇದೇ ಭಯದ ಕೂಸು. ಊರಾಚೆಯ ಪೇಟೆಗಳಲ್ಲಿ ಮರದ ಮನೆ ಕಟ್ಟುವುದು ನಿಲ್ಲಲಿಲ್ಲ ಅನ್ನುವುದನ್ನೂ ನೆನಪಿಡಬೇಕು. ನಿಯಮ ಇದ್ದ ಮಾತ್ರಕ್ಕೆ ಊರು ಹಾಗೇ ಇತ್ತು ಎಂದು ಬರೆದರೆ ಅದೂ ತಪ್ಪೇ.

ಹಳೆಯ ನಕ್ಷೆಗಳ ಅಳತೆಯಲ್ಲಿ ಒಂದು ಎಡವಟ್ಟು ಇದೆ. ಫ್ರೆಂಚ್ ಅಡಿ, ಅಂದರೆ ಪಿಯೆ, 32.48 ಸೆಂಟಿಮೀಟರ್, ಇಂಗ್ಲಿಷ್ ಅಡಿ 30.48. ಆರು ಪಿಯೆ ಸೇರಿ ಒಂದು ತ್ವಾಜ್. ನೂರು ತ್ವಾಜ್ ಎಂದರೆ ಸುಮಾರು 195 ಮೀಟರ್, ಆರು ಇಂಗ್ಲಿಷ್ ಅಡಿ ಎಂದು ಎಣಿಸಿದರೆ 183ಕ್ಕೇ ನಿಲ್ಲುತ್ತದೆ. ನಡಿಗೆಯ ಹೊತ್ತಿಗೆ ನನ್ನ ಸೂತ್ರ: ಸಮತಟ್ಟಿನಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರ್, ಪ್ರತಿ ಹತ್ತು ಮೀಟರ್ ಏರಿಗೆ ಒಂದು ನಿಮಿಷ ಹೆಚ್ಚು, ಹಿಮಗಾಲವಾದರೆ ಒಟ್ಟು ಎರಡು ಪಟ್ಟು. ಒಂದೇ ಸಂಜೆಯಲ್ಲಿ ಪಾತ್ರವೊಂದು ಮೂರು ಸಲ ಮೇಲೂರಿಗೆ ಹತ್ತಿ ಇಳಿಯುವುದು ಈ ಲೆಕ್ಕ ಹಾಕಿದ ಕೂಡಲೇ ನಿಂತುಹೋಗುತ್ತದೆ.

ನಕ್ಷೆಗಿಂತ ಹೆಚ್ಚಾಗಿ ಕಥೆಯನ್ನು ಆಳುವುದು ಸೆಂ-ಲೋರಾಂ ನದಿ. ಆಗ ಚಳಿಗಾಲದಲ್ಲಿ ಅದರ ತುಂಬ ಮಂಜುಗಡ್ಡೆಯಾಗಿ ಹಡಗು ನಿಲ್ಲುತ್ತಿತ್ತು. ನವೆಂಬರಿಗೆ ಕೊನೆಯ ಹಡಗು ಹೋದರೆ ಮತ್ತೆ ಸಮುದ್ರದಾಚೆಯಿಂದ ಸುದ್ದಿ ಬರುತ್ತಿದ್ದದ್ದು ಮೇ ತಿಂಗಳಲ್ಲಿ. ನೆರವು ಕೇಳಲು 1758ರ ನವೆಂಬರಿನಲ್ಲಿ ಫ್ರಾನ್ಸಿಗೆ ಹೊರಟ ಫ್ರೆಂಚ್ ಸೇನಾಧಿಕಾರಿ ಬೂಗೆಂವಿಲ್ ಮರಳಿದ್ದು 1759ರ ಮೇ 10ಕ್ಕೆ. (ನಮ್ಮ ಕಾಂಪೌಂಡುಗಳ ಮೇಲೆ ಹಬ್ಬುವ ಕಾಗದದ ಹೂವಿಗೆ ಬೂಗನ್‌ವಿಲಿಯಾ ಎಂದು ಇಟ್ಟದ್ದು ಇವನ ಹೆಸರನ್ನೇ.) ಆ ಆರು ತಿಂಗಳಲ್ಲಿ ಊರಿನ ಯಾರಿಗೂ ಪ್ಯಾರಿಸ್ಸಿನಲ್ಲಿ ಏನಾಯಿತು ಎಂದು ತಿಳಿಯುವಂತಿಲ್ಲ. ಕಥಾವಸ್ತುವಿನಲ್ಲಿ ಪತ್ರ ಇದ್ದರೆ ಮೊದಲು ಹಡಗಿನ ಪಂಚಾಂಗ ಬರೆದಿಟ್ಟುಕೊಳ್ಳಬೇಕು. ನನ್ನ ಮೊದಲ ಕರಡಿನಲ್ಲಿ ಫೆಬ್ರವರಿಯಲ್ಲಿ ತಲುಪಿದ ಒಂದು ಪತ್ರದ ಮೇಲೆ ನಾಲ್ಕು ಅಧ್ಯಾಯ ನಿಂತಿದ್ದವು. ನಾಲ್ಕನ್ನೂ ತೆಗೆದೆ.

ಪ್ರತಿ ದೃಶ್ಯಕ್ಕೂ ಒಂದು ಚೀಟಿ: ದಿನಾಂಕ, ಸೂರ್ಯೋದಯ, ಸೂರ್ಯಾಸ್ತ, ಚಂದ್ರನ ಕಲೆ, ಉಬ್ಬರ ಇಳಿತ, ನದಿಯಲ್ಲಿ ಮಂಜುಗಡ್ಡೆ ಇದೆಯೋ ಇಲ್ಲವೋ. ಜೂನ್ ಕೊನೆಗೆ ಅಲ್ಲಿ ಹಗಲು ಹದಿನೈದೂವರೆ ಗಂಟೆ ಮೀರುತ್ತದೆ, ಡಿಸೆಂಬರಿನಲ್ಲಿ ಎಂಟೂವರೆಯ ಆಸುಪಾಸು. ಬೆಂಗಳೂರಿನ ಅಭ್ಯಾಸದಲ್ಲಿ ವರ್ಷವಿಡೀ ಆರೂವರೆಗೆ ಕತ್ತಲು ತರುವ ಕೈಗೆ ಇದು ಸುಲಭದಲ್ಲಿ ಒಗ್ಗುವುದಿಲ್ಲ. ಚಂದ್ರನ ಲೆಕ್ಕ ಎಷ್ಟು ಮುಖ್ಯ ಎಂಬುದಕ್ಕೆ ಸೆಪ್ಟೆಂಬರ್ 12ರ ರಾತ್ರಿಯೇ ಸಾಕು. ಇಂಗ್ಲಿಷ್ ಸೇನಾಪತಿ ವುಲ್ಫ್‌ನ ದೋಣಿಗಳು ಇಳಿತದ ಸೆಳೆತಕ್ಕೆ ಮೈಬಿಟ್ಟು ಕೆಳಕ್ಕೆ ತೇಲಿಬಂದದ್ದು ಕೃಷ್ಣಪಕ್ಷದ ಅರ್ಧಚಂದ್ರ ಪೂರ್ವದಲ್ಲಿ ಎದ್ದ ಮೇಲೆ. ಅಲ್ಲಿ ಹುಣ್ಣಿಮೆ ಬರೆದರೂ ಅಮಾವಾಸ್ಯೆ ಬರೆದರೂ ಕೆಟ್ಟಿತು.

ಮನೆಯೊಳಗಿನ ವಿವರಕ್ಕೆ ನನಗೆ ಸಿಕ್ಕ ನಿಧಿ ನೋಟರಿಗಳ ದಫ್ತರ. ಆಗ ಅಲ್ಲಿ ನಡೆಯುತ್ತಿದ್ದದ್ದು ಪ್ಯಾರಿಸ್ಸಿನ ಕಟ್ಟಳೆ. ಗಂಡ ಹೆಂಡತಿಯ ಆಸ್ತಿ ಜಂಟಿ. ಒಬ್ಬರು ತೀರಿಕೊಂಡರೆ ಪಾಲಿನ ಪ್ರಶ್ನೆ ಏಳುತ್ತದೆ, ನೋಟರಿ ಬಂದು ಮನೆಯ ಸಾಮಾನನ್ನೆಲ್ಲ ಬೆಲೆ ಕಟ್ಟಿ ಬರೆದುಕೊಳ್ಳುತ್ತಾನೆ. ಈ ಪಟ್ಟಿಗೆ ‘ಎಂವಾಂತೇರ್ ಆಪ್ರೆ ದೆಸೆ’ ಎಂದು ಹೆಸರು. ಕೆಬೆಕ್‌ನ ರಾಷ್ಟ್ರೀಯ ಗ್ರಂಥಾಲಯ ಮತ್ತು ದಾಖಲೆಗಾರದ ಜಾಲತಾಣದಲ್ಲಿ ಬಿಟ್ಟಿಯಾಗಿ ನೋಡಲು ಸಿಗುತ್ತವೆ. ಬರೆಯುವವನು ಸಾಮಾನ್ಯವಾಗಿ ಒಲೆಯಿಂದ ಶುರುಮಾಡುತ್ತಾನೆ: ಪಾತ್ರೆ ತೂಗುಹಾಕುವ ಕಬ್ಬಿಣದ ಕೊಂಡಿಸರಪಳಿ, ಬೆಂಕಿ ಸಲಿಕೆ, ಹಿಡಿ ಮುರಿದ ಬಾಣಲೆ. ಆಮೇಲೆ ಮಲಗುವ ಕೋಣೆ, ಅಟ್ಟ, ನೆಲಮಾಳಿಗೆ. ಅವನು ನಡೆದ ಕ್ರಮದಲ್ಲೇ ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಹೋದರೆ ಮನೆಯ ಅಂದಾಜು ನಕ್ಷೆಯೇ ಮೂಡುತ್ತದೆ. ಎಷ್ಟೋ ಮನೆಗಳಲ್ಲಿ ಅತಿ ಬೆಲೆಬಾಳುವ ವಸ್ತು ಹಾಸಿಗೆ: ಗರಿ ತುಂಬಿದ ಮೆತ್ತೆ, ಪರದೆ, ಕಂಬಳಿ ಸಮೇತ. ಕೊನೆಗೆ ಸಾಲದ ಪಟ್ಟಿ. ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಆ ಎರಡು ಪುಟದಲ್ಲಿ ಇಡೀ ಬೀದಿಯ ಸಂಬಂಧ ಇರುತ್ತದೆ. ನಾನು ಓದಿದ್ದು ಹನ್ನೆರಡು ಪಟ್ಟಿ. ಎಂಟನೆಯದರಿಂದ ಆಚೆ ಹೊಸ ವಸ್ತು ಅಪರೂಪ.

ಓದುವಾಗ ಕಾಲು ಜಾರುವ ಕಡೆ ಬೇರೆ ಇದೆ. 7 ಬರೆದು ಪಕ್ಕದಲ್ಲಿ ಪುಟ್ಟದಾಗಿ ‘ಬ್ರ್’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಫ್ರೆಂಚಿನಲ್ಲಿ ‘ಸೆತ್’ ಎಂದರೆ ಏಳು, ಹಾಗಾಗಿ ಸೆಪ್ತಾಂಬ್ರ್‌ಗೆ ಅಂಕಿಯ ಮೊಟಕು. 8 ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತು ಡಿಸೆಂಬರ್. ಯಂತ್ರಾನುವಾದ ಇದನ್ನು ಕಣ್ಣು ಮುಚ್ಚಿ ಜುಲೈ ಮಾಡಿಬಿಡಬಹುದು. ಇಂಗ್ಲಿಷ್ ಕಡೆಯ ಹಳೆಯ ದಾಖಲೆಗಳದು ಇನ್ನೊಂದು ಗೋಳು. ಬ್ರಿಟನ್ ಹೊಸ ಕ್ಯಾಲೆಂಡರಿಗೆ ಬಂದದ್ದು 1752ರಲ್ಲಿ. 1690ರ ಇನ್ನೊಂದು ಮುತ್ತಿಗೆಯಲ್ಲಿ ಇಂಗ್ಲಿಷ್ ದಂಡನಾಯಕ ಫಿಪ್ಸ್‌ನ ಹಡಗುಗಳು ಫ್ರೆಂಚರ ಲೆಕ್ಕದಲ್ಲಿ ಅಕ್ಟೋಬರ್ 16ಕ್ಕೆ ಬಂದರೆ ಇಂಗ್ಲಿಷರ ಲೆಕ್ಕದಲ್ಲಿ 6ಕ್ಕೆ. 1759ಕ್ಕೆ ಈ ತೊಡಕಿಲ್ಲ, ಆದರೆ ಅಜ್ಜಿ ಪಾತ್ರದ ನೆನಪುಗಳಿಗೆ ಬೇಕಾಯಿತು.

ದುಡ್ಡು: 12 ದೆನಿಯೆಗೆ ಒಂದು ಸೂ, 20 ಸೂಗೆ ಒಂದು ಲೀವ್ರ್. ಇದನ್ನು ರೂಪಾಯಿಗೆ ಪರಿವರ್ತಿಸುವ ಆಸೆ ಬಿಡಬೇಕು, ಕೂಲಿಯಾಳಿನ ದಿನದ ಸಂಬಳದ ಎಷ್ಟು ಪಾಲು ಎಂದು ಲೆಕ್ಕ ಹಾಕಿದರೆ ಸಾಕು. ನಾಣ್ಯ ಅಪರೂಪ, ವಹಿವಾಟು ಕಾಗದದ ಹಣದಲ್ಲಿ. ಯುದ್ಧದ ಕೊನೆಯ ವರ್ಷಗಳಲ್ಲಿ ಬೆಲೆ ಹುಚ್ಚಾಪಟ್ಟೆ ಏರಿದ್ದರಿಂದ 1750ರ ಪಟ್ಟಿಯ ದರವನ್ನು 1759ರ ಸಂತೆಗೆ ಹಾಕುವಂತಿಲ್ಲ. ಊಟದ ವಿಷಯದಲ್ಲೂ ಹೀಗೇ. ಸರ್ಕಾರ ಕುದುರೆ ಮಾಂಸ ಹಂಚುತ್ತಿದ್ದ ಕಾಲ ಅದು. ಆಲೂಗಡ್ಡೆ ಅಲ್ಲಿನವರ ತಟ್ಟೆಗೆ ಬಂದದ್ದು ಇಂಗ್ಲಿಷರ ಹಿಂದೆ. ಕರಿದ ಆಲೂಗಡ್ಡೆಯ ಪೂಟಿನ್ ಅಂತೂ 1950ರ ದಶಕದ ತಿಂಡಿ.

ಬಾಂಬು ಬಿದ್ದ ಮೇಲಿನ ಊರಿಗೆ ರಿಚರ್ಡ್ ಶಾರ್ಟ್ ಸ್ಥಳದಲ್ಲೇ ಬರೆದು 1761ರಲ್ಲಿ ಅಚ್ಚಾದ ಹನ್ನೆರಡು ಚಿತ್ರ ಸಾಕು. ಪಾದ್ರಿ ರೆಶೆಯ ದಿನಚರಿಯ ಜತೆ ಇಟ್ಟುಕೊಂಡು ಯಾವ ಕಟ್ಟಡ ಯಾವ ರಾತ್ರಿ ಸುಟ್ಟಿತು ಎಂದು ಗುರುತು ಹಾಕಿದೆ. ಕೆಳಗೂರು ಉರಿದದ್ದು ಆಗಸ್ಟ್ 8ರ ರಾತ್ರಿ. ಅದಾದ ಮೇಲಿನ ದೃಶ್ಯದಲ್ಲಿ ನೋತ್ರ್-ದಾಮ್-ದೆ-ವಿಕ್ತ್ವಾರ್ ಚರ್ಚಿನ ಗಂಟೆ ಬಾರಿಸಬಾರದು.

ಜನರ ಪಟ್ಟಿಯಲ್ಲಿ ಬಿಟ್ಟುಹೋಗುವವರು ಗುಲಾಮರು. 1709ರ ಸರ್ಕಾರಿ ಆಜ್ಞೆ ಆ ಗುಲಾಮಗಿರಿಗೆ ಕಾನೂನಿನ ಮುದ್ರೆ ಒತ್ತಿತ್ತು. ‘ಪಾನಿ’ ಎಂದು ಕರೆಸಿಕೊಳ್ಳುತ್ತಿದ್ದ ಮೂಲನಿವಾಸಿಗಳು, ಆಫ್ರಿಕಾ ಮೂಲದವರು, ಇಬ್ಬರೂ ಉಳ್ಳವರ ಮನೆಗಳಲ್ಲಿದ್ದರು. ಚರ್ಚಿನ ದೀಕ್ಷಾಸ್ನಾನ ಮತ್ತು ಮರಣದ ಪುಸ್ತಕಗಳಲ್ಲಿ ಸಿಗುತ್ತಾರೆ. ಹೆಂಗಸರನ್ನು ಹುಡುಕುವಾಗ ತವರಿನ ಹೆಸರೇ ಹಿಡಿಯಬೇಕು, ಮದುವೆಯಾದರೂ ದಾಖಲೆಯಲ್ಲಿ ಅದು ಬದಲಾಗುವುದಿಲ್ಲ. ಸಿಪಾಯಿಗಳಿಗೆ ‘ದಿ’ ಎಂಬುದರ ಮುಂದೆ ಅಡ್ಡಹೆಸರು: ಲಾಫ್ಲರ್ ಎಂದರೆ ಹೂವು, ಸಾಂಸೂಸಿ ಎಂದರೆ ಚಿಂತೆಯಿಲ್ಲದವನು. ಒಬ್ಬನೇ ಮನುಷ್ಯ ಎರಡು ಹೆಸರಲ್ಲಿ ಎರಡು ಕಡೆ ಕಾಣುವುದು ಇದರಿಂದಲೇ.

ಮಾತಿನ ವಿಷಯಕ್ಕೆ ಬಂದರೆ ಇಂಗ್ಲಿಷ್ ಅನುವಾದ ಓದಿ ಬರೆಯುವವರಿಗೆ ‘ತ್ಯು’, ‘ವೂ’ ವ್ಯತ್ಯಾಸ ಕಾಣುವುದೇ ಇಲ್ಲ. ನಮಗೆ ನೀನು, ನೀವು ಕೈಯಲ್ಲೇ ಇದೆ, ಆದರೆ ಮೂಲ ನೋಡದೆ ಹಾಕಿದರೆ ಅಪಾಯ. ಅಧಿಕಾರಿ ಮನೆತನದ ಗಂಡ ಹೆಂಡತಿ ಪರಸ್ಪರ ‘ವೂ’ ಅನ್ನುತ್ತಾರೆ, ಅಲ್ಲಿ ನೀವು ಸರಿಹೋಯಿತು. ಸಿಕ್ಕಿಬಿದ್ದದ್ದು ಪ್ರಾರ್ಥನೆಯಲ್ಲಿ. ಆ ಕಾಲದ ಕ್ಯಾಥೊಲಿಕರು ಫ್ರೆಂಚಿನಲ್ಲಿ ದೇವರಿಗೂ ‘ವೂ’ ಅನ್ನುತ್ತಿದ್ದರು, ನಾವು ದೇವರನ್ನು ನೀನು ಎನ್ನದೆ ಕರೆದದ್ದೇ ಇಲ್ಲ. ಸನ್ಯಾಸಿನಿಯರ ಬಾಯಲ್ಲಿ ‘ದೇವರೇ, ನೀವು’ ಎಂದು ಒಂದು ಅಧ್ಯಾಯ ಬರೆದು ನೋಡಿದೆ. ಕಚೇರಿಗೆ ಅರ್ಜಿ ಹಾಕಿದ ಹಾಗಿತ್ತು. ಪ್ರಾರ್ಥನೆಗಳಲ್ಲಿ ‘ನೀನು’ ಉಳಿಸಿ, ಉಳಿದೆಲ್ಲ ಕಡೆ ಮೂಲದಂತೆ ಇಟ್ಟಿದ್ದೇನೆ.