ಮಾಲವಣದ ನೀರಿಗೆ ಇಳಿಯುವ ಮೊದಲು ಪಂಚಾಂಗ ತೆಗೆಯಿರಿ

ಮಾಸ್ಕ್, ಉಸಿರುನಳಿಗೆ ಹಾಕಿ ತೇಲುತ್ತ ಕಡಲೊಳಗೆ ನೋಡಲು (ಸ್ನಾರ್ಕೆಲ್), ಇಲ್ಲವೇ ಸಿಲಿಂಡರ್ ಕಟ್ಟಿ ಮುಳುಗಲು (ಡೈವ್) ಆಂಬೋಲಿ ಘಾಟ ಇಳಿದು ಕೊಂಕಣದ ಮಾಲವಣಕ್ಕೆ ಹೋಗಿಬರುವ ಗಡಹಿಂಗ್ಲಜ, ಚಂದಗಡ ಕಡೆಯ ನಮ್ಮ ಹುಡುಗರ ಗೋಳು ಒಂದೇ: ‘ರೊಕ್ಕ ಕೊಟ್ವಿ, ನೀರಾಗ ಏನೂ ಕಾಣಲಿಲ್ಲರಿ.’ ಕಾಣುವುದಾದರೂ ಹೇಗೆ? ಹೋಗಿದ್ದು ಅಮಾವಾಸ್ಯೆಯ ಮರುದಿನ, ನೀರಿಗೆ ಇಳಿದದ್ದು ಮಧ್ಯಾಹ್ನ ಎರಡಕ್ಕೆ, ಜಾಗ ಆರಿಸಿದವನು ಏಜೆಂಟ. ಮೀನು, ಬಂಡೆ, ಹವಳ ಎಲ್ಲ ಅಲ್ಲೇ ಇರುತ್ತವೆ. ನೀರು ತಿಳಿಯಾಗಿರುವ ಹೊತ್ತು ಮತ್ತು ಜಾಗವನ್ನು ನಾವೇ ಹುಡುಕಿಕೊಳ್ಳಬೇಕು.

ಮೊದಲು ತಿಂಗಳು. ನವೆಂಬರ್‌ನಿಂದ ಫೆಬ್ರುವರಿ. ಮಳೆಗಾಲದಲ್ಲಿ ದೋಣಿಯೇ ಇಲ್ಲ. ದಸರಾ ರಜೆಯಲ್ಲಿ ಹೊಳೆಗಳು ತಂದ ಕೆಸರು ಇನ್ನೂ ಕೂತಿರುವುದಿಲ್ಲ.

ಎರಡನೆಯದು ದಿನ. ಎಲ್ಲರೂ ಎಡವುವುದು ಇಲ್ಲೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ಇಳಿತ ಜೋರು. ನೀರು ಎಳೆದಾಡಿ ತಳದ ಮರಳನ್ನೆಲ್ಲ ಎಬ್ಬಿಸುತ್ತದೆ. ಅಷ್ಟಮಿ ಕಳೆದು ಒಂದೆರಡು ದಿನಕ್ಕೆ ಈ ಎಳೆತ ಅತಿ ಕಡಿಮೆಯಾಗುತ್ತದೆ. ಇನ್ನು ಉಬ್ಬರದ ವೇಳೆಗೆ ಕೊಂಕಣದ ಮೀನುಗಾರರ ಹಳೆಯ ಲೆಕ್ಕವೊಂದಿದೆ: ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ಮಾಡಿದರೆ ಉಬ್ಬರ ತುಂಬುವ ಗಂಟೆ ಸಿಗುತ್ತದೆ. ದಶಮಿಗೆ ಏಳೂವರೆ, ಏಕಾದಶಿಗೆ ಎಂಟೂ ಕಾಲು, ದ್ವಾದಶಿಗೆ ಒಂಬತ್ತು. ಇದು ಮುಂಬೈಗೆ ಸರಿಯಾಗಿ ಕೂಡುವ ಲೆಕ್ಕ, ಮಾಲವಣದಲ್ಲಿ ತುಸು ಮೊದಲೇ ತುಂಬುತ್ತದೆ. ನಿಖರ ವೇಳೆಯನ್ನು ಮೊಬೈಲಿನ ಟೈಡ್ ಚಾರ್ಟಿನಲ್ಲಿ ನೋಡಿಕೊಳ್ಳಿ. ಉಬ್ಬರ ತುಂಬಿ ನಿಂತಾಗ ಹೊರಗಡಲಿನ ತಿಳಿನೀರು ಬಂಡೆಗಳ ಹತ್ತಿರ ಬಂದಿರುತ್ತದೆ. ಮಧ್ಯಾಹ್ನದ ಕಡಲಗಾಳಿಯೂ ಇನ್ನೂ ಎದ್ದಿರುವುದಿಲ್ಲ. ಹಾಗಾಗಿ ನನ್ನ ಮಾತು ಕೇಳುವುದಾದರೆ ದಶಮಿಯಿಂದ ದ್ವಾದಶಿಯೊಳಗಿನ ಒಂದು ಮುಂಜಾನೆ ಹಿಡಿಯಿರಿ, ಶುಕ್ಲವೋ ಕೃಷ್ಣವೋ ಯಾವ ಪಕ್ಷವಾದರೂ ನಡೆದೀತು. ಏಕಾದಶಿ ಮಾಡುವವರಿಗೆ ಅಂದು ಮಾಲವಣಿ ಮೀನೂಟ ತಪ್ಪುತ್ತದೆ, ಅದಕ್ಕೆ ನನ್ನ ಬಳಿ ಮದ್ದಿಲ್ಲ.

ಮೂರನೆಯದು ಜಾಗ. ಹಿಂದಿನ ದಿನವೇ ಹೋಗಿ ಸಿಂಧುದುರ್ಗದ ಕೋಟೆ ಹತ್ತಿ. 1664ರಲ್ಲಿ ಶಿವಾಜಿ ಮಹಾರಾಜರು ಕುರ್ಟೆ ದ್ವೀಪದ ಮೇಲೆ ಕಟ್ಟಿಸಲು ತೊಡಗಿದ ಈ ಕೋಟೆಯ ಗೋಡೆಗಿಂತ ಒಳ್ಳೆಯ ಅಟ್ಟಣಿಗೆ ಬಂದರಿನಲ್ಲಿ ಇನ್ನೊಂದಿಲ್ಲ. ದೋಣಿಯವರು ಕೊಡುವ ಸಮಯದಲ್ಲಿ ಸೆಲ್ಫಿ ಬಿಟ್ಟು ನೀರು ನೋಡಿ. ಬಿಸಿಲು ಬೆನ್ನಿಗಿರಲಿ, ಪೋಲರೈಸ್ಡ್ ಕನ್ನಡಕವಿದ್ದರೆ ಮೇಲ್ಮೈಯ ಹೊಳಪು ಹೋಗಿ ಒಳಗೆ ಕಣ್ಣು ಹಾಯುತ್ತದೆ. ಮಾಸಲು ಹಳದಿಯಾಗಿ ಕಂಡರೆ ಬರೀ ಮರಳು, ಅಲ್ಲಿ ಏನೂ ಸಿಗದು. ಕಪ್ಪು ಮಚ್ಚೆಗಳಂತೆ ಕಾಣುವುದು ಬಂಡೆ ಇಲ್ಲವೇ ಪಾಚಿ. ಶಾಂತ ನೀರಿನಲ್ಲೂ ಒಂದೇ ಕಡೆ ಬಿಳಿ ನೊರೆ ಏಳುತ್ತಿದ್ದರೆ ಕೆಳಗೆ ಬಂಡೆ ತಲೆ ಎತ್ತಿದೆ ಎಂದರ್ಥ. ಅಲೆ ಬಡಿಯುವ ಬದಿಯನ್ನು ಬಿಟ್ಟು ಅದರ ಮರೆಯ ಬದಿಯನ್ನು ಗುರುತು ಮಾಡಿಕೊಳ್ಳಿ. ಜೆಟ್ಟಿಯಿಂದ ಕೋಟೆಗೆ ದೋಣಿಗಳು ಓಡಾಡುವ ದಾರಿಯನ್ನು ಪೂರ್ತಿ ಕೈಬಿಡಿ, ಪ್ರೊಪೆಲ್ಲರಿಗೆ ನಿಮ್ಮ ತಲೆ ಕಾಣುವುದಿಲ್ಲ. ಉತ್ತರದ ಕೋಳಂಬ ಖಾಡಿಯ ಬಾಯಿ, ದಕ್ಷಿಣಕ್ಕೆ ದೇವಬಾಗದಲ್ಲಿ ಕರ್ಲಿ ನದಿ ಕಡಲು ಸೇರುವ ಸಂಗಮ, ಇವೆರಡರ ಹತ್ತಿರವೂ ನೀರು ಕದಡಿರುತ್ತದೆ. ಸಂಗಮ ನೋಡಲು ಚೆಂದ, ಮುಳುಗಲು ಅಲ್ಲ.

ಆಮೇಲೆ ಬಲೆ ಒಣಹಾಕುತ್ತಿರುವ ಹಿರಿಯರೊಬ್ಬರನ್ನು ‘ಕಾಕಾ’ ಎಂದು ಮಾತಾಡಿಸಿ, ಗುರುತು ಮಾಡಿದ ಜಾಗ ಹೇಳಿ, ಇಂದು ಮುಂಜಾನೆ ಅಲ್ಲಿ ತಳ ಕಾಣುತ್ತಿತ್ತೇ ಎಂದಷ್ಟೇ ಕೇಳಿ. ಪ್ಯಾಕೇಜ್ ಮಾರುವವನನ್ನು ಕೇಳಿದರೆ ವರ್ಷವಿಡೀ ತಳ ಕಾಣುತ್ತದೆ. ‘ಆಂಗ್ರಿಯಾ ಬ್ಯಾಂಕ್ ತೋರಿಸುತ್ತೇವೆ’ ಎನ್ನುವವನ ಮುಂದೆ ನಿಲ್ಲಲೂಬೇಡಿ. ಆ ಹವಳದ ದಿಬ್ಬ ದಂಡೆಯಿಂದ ನೂರು ಕಿಲೋಮೀಟರಿಗೂ ಆಚೆ ಇದೆ, ಅದರ ನೆತ್ತಿಯೇ ಸುಮಾರು 20 ಮೀಟರ್ ಆಳದಲ್ಲಿದೆ.

ದೋಣಿ ನಿಂತ ಮೇಲೆ ಕಡೆಯ ಪರೀಕ್ಷೆ. ಬಿಳಿ ತಟ್ಟೆಗೆ ತೂತು ಮಾಡಿ, ಕಲ್ಲು ಕಟ್ಟಿ, ಹಗ್ಗದಲ್ಲಿ ಇಳಿಬಿಡಿ. ಎರಡು ಮಾರು ಹಗ್ಗ ಹೋಗುವುದರೊಳಗೆ ತಟ್ಟೆ ಮಾಯವಾದರೆ ದೋಣಿಯನ್ನು ಬೇರೆ ಬಂಡೆಗೆ ಒಯ್ಯಲು ಹೇಳಿ. ದೋಣಿಯವರು ಗೊಣಗುತ್ತಾರೆ, ಗೊಣಗಲಿ.

ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಅಂಟಿ ನಿಂತರೆ ಅದು ನಿಮ್ಮದು. ಪೊದೆ ಮೀಸೆಯವರಿಗೆ ನೀರು ಸೋರುವುದು ಖಚಿತ, ಅಂಚಿಗೆ ವ್ಯಾಸಲಿನ್ ಹಚ್ಚಬೇಕು. ಗಾಜಿನ ಮಂಜಿಗೆ ಎಂಜಲೇ ಸಾಕು. ಆನ್‌ಲೈನಿನಲ್ಲಿ ಸಿಗುವ ಇಡೀ ಮುಖ ಮುಚ್ಚುವ ಅಗ್ಗದ ಮಾಸ್ಕ್ ಬೇಡವೇ ಬೇಡ. ಬಿಟ್ಟ ಉಸಿರೇ ಒಳಗೆ ಸುತ್ತಿ ತಲೆ ಭಾರವಾಗುತ್ತದೆ, ಗಾಬರಿಯಾದಾಗ ಸರಕ್ಕನೆ ಕಳಚಲೂ ಆಗದು. ಸನ್‌ಸ್ಕ್ರೀನ್ ಬದಲು ತುಂಬುತೋಳಿನ ಟೀ ಶರ್ಟ್ ಹಾಕಿ. ಹೊಳೆಯಲ್ಲಿ ಈಜು ಕಲಿತವರೂ ಲೈಫ್ ಜಾಕೆಟ್ ತೊಡಿ, ಹಿರಣ್ಯಕೇಶಿಯಲ್ಲಿ ಅಲೆ ಇರಲಿಲ್ಲ.

ಫೋಟೋಕ್ಕೆಂದು ಮೀನುಗಳಿಗೆ ಬ್ರೆಡ್ ಎಸೆಯುವ ಗೈಡನಿಗೆ ಬೇಡ ಎನ್ನಿ. 1987ರಿಂದ ಮಾಲವಣದ ಈ ಕಡಲು ಅಭಯಾರಣ್ಯ. ಹವಳ ಮುರಿದು ತರುವುದು ಅಪರಾಧ, ಅದರ ಮೇಲೆ ನಿಲ್ಲುವುದೂ ಬೇಡ.

ಸಿಲಿಂಡರ್ ಕಟ್ಟಿಕೊಂಡು ಇಳಿಯುವವರು ಕಿವಿ ನೋಯುವ ಮೊದಲೇ, ಪ್ರತಿ ಮೀಟರಿಗೂ ಮೂಗು ಹಿಡಿದು ಮೆಲ್ಲಗೆ ಊದಬೇಕು. ನೆಗಡಿಯಿದ್ದರೆ ಇಳಿಯಲೇಬೇಡಿ. ಮೇಲೆ ಬರುವಾಗ ಉಸಿರು ಬಿಗಿಹಿಡಿಯಬಾರದು. ನಮ್ಮ ಕಡೆಯವರಿಗೆ ಗೈಡ್ ಹೇಳದ ಮಾತೊಂದಿದೆ: ಆಂಬೋಲಿ ಸಮುದ್ರಮಟ್ಟದಿಂದ ಸುಮಾರು 690 ಮೀಟರ್ ಎತ್ತರ. ಡೈವ್ ಮಾಡಿದವರು ವಿಮಾನ ಹತ್ತಲು ಒಂದೇ ಡೈವ್ ಆದರೆ 12 ತಾಸು, ಹೆಚ್ಚಾದರೆ 18 ತಾಸು ಕಾಯಬೇಕೆಂಬ ನಿಯಮವನ್ನು ಘಾಟಕ್ಕೂ ಹಿಡಿಯುವುದು ಲೇಸು, ರಕ್ತದಲ್ಲಿ ಉಳಿದ ನೈಟ್ರೋಜನ್ ಎತ್ತರಕ್ಕೆ ಹೋದಾಗ ಗುಳ್ಳೆಯಾಗಬಲ್ಲದು. ಬರೀ ಸ್ನಾರ್ಕೆಲ್ ಮಾಡಿದವರು ಅಂದೇ ಹೊರಡಬಹುದು. ಡೈವ್ ಮಾಡಿದವರು ಆ ರಾತ್ರಿ ಮಾಲವಣದಲ್ಲೇ ತಂಗಿ, ಮರುದಿನ ಊಟ ಮುಗಿಸಿ ಗಾಡಿ ತೆಗೆಯಿರಿ.